ಮೊದಲ ಗಂಟೆಯ ನೀರು

ಒಂಬತ್ತನೆಯ ಬಿಳಿ ಫ್ರಾಕು ಹೊಲಿಯುವಾಗ ನಾನು ದೇವರ ಜೊತೆ ಮಾತು ಬಿಟ್ಟೆ. ಸ್ತುತಿ, ಸ್ತೋತ್ರ, ಬೇಡಿಕೆ ಎಲ್ಲ ಬಂದ್. ಬೈಯುವುದನ್ನು ಮಾತ್ರ ಉಳಿಸಿಕೊಂಡೆ, ಯಾಕೆಂದರೆ ಹೊಲಿಗೆ ಮಷಿನ್ನಿನ ಮುಂದೆ ಬಾಯಿ ಮುಚ್ಚಿಕೊಂಡು ಕೂರುವುದು ನನಗೆ ಹುಟ್ಟಿನಿಂದಲೇ ಬಂದಿಲ್ಲ.

ನಾನು ವಾರದಲ್ಲಿ ಆರು ದಿನ ದರ್ಜಿ, ಏಳನೆಯ ದಿನ ನಮ್ಮ ಚರ್ಚಿನ ಸಂಡೇ ಸ್ಕೂಲಿನ ಟೀಚರು. ಹತ್ತೊಂಬತ್ತು ವರ್ಷದಿಂದ ಈ ಕೆಳಬೀದಿಯ ಮಕ್ಕಳೆಲ್ಲ ನನ್ನ ಹತ್ತಿರವೇ ಪ್ರಾರ್ಥನೆ ಕಲಿತವರು, ನಾನು ಹೊಲಿದ ಬಟ್ಟೆಯನ್ನೇ ಹಾಕಿಕೊಂಡು ಬೆಳೆದವರು. ಅದರಿಂದ ಆದ ಅನುಕೂಲವೇನೆಂದರೆ, ಈಗ ಯಾವ ಅಪ್ಪ ಬಗಲಲ್ಲಿ ಬಿಳಿ ಬಟ್ಟೆ ಇಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತರೂ ನಾನು ಅಳತೆ ಕೇಳಬೇಕಾಗಿಲ್ಲ, ಅವನು ಹೇಳಬೇಕಾಗಿಯೂ ಇಲ್ಲ. ಭುಜ ಎಷ್ಟು, ಉದ್ದ ಎಷ್ಟು, ಯಾವ ಮಗುವಿಗೆ ಕಾಲರ್ ಕುತ್ತಿಗೆಗೆ ಚುಚ್ಚುತ್ತದೆ, ಎಲ್ಲ ನನಗೆ ಬಾಯಿಪಾಠ. ಇನ್ನು ಮೇಲೆ ಚುಚ್ಚುವುದಿಲ್ಲ ಎಂದು ಗೊತ್ತಿದ್ದೂ ಆ ಕಾಲರನ್ನು ಮೆತ್ತಗೆ ಒಳಗೆ ಮಡಚಿಯೇ ಹೊಲಿಯುತ್ತಿದ್ದೆ.

ಐದು ವಾರದಿಂದ ಊರಲ್ಲಿ ವಾಂತಿಭೇದಿ. ಬೆಳಿಗ್ಗೆ ಬೀದಿಯಲ್ಲಿ ಆಡಿಕೊಂಡಿದ್ದ ಮಗು ಸಂಜೆಗೆ ಕಣ್ಣು ಒಳಗೆ ಹೋಗಿ, ತುಟಿ ಒಣಗಿ, ಹಿಂಡಿ ಹಾಕಿದ ಬಟ್ಟೆಯ ಹಾಗೆ ಮಲಗಿರುತ್ತಿತ್ತು. ಆಸ್ಪತ್ರೆಯಲ್ಲಿ ಒಂದು ಮಂಚಕ್ಕೆ ಮೂವರು, ವರಾಂಡದಲ್ಲಿ ಚಾಪೆಗೆ ಇಬ್ಬರು. ಆರೋಗ್ಯ ಇಲಾಖೆಯವರು ಬಂದರು, ಗುಡ್ಡದ ಮೇಲಿನ ಟ್ಯಾಂಕಿನ ನೀರನ್ನು ಬಾಟಲಿಯಲ್ಲಿ ಹಿಡಿದು ಪರೀಕ್ಷೆ ಮಾಡಿದರು, ನೀರು ಚೆನ್ನಾಗಿದೆ, ಬಿಸಿಲು ಜಾಸ್ತಿ, ಹಳಸಿದ್ದು ತಿನ್ನಬೇಡಿ ಎಂದು ಗೋಡೆಗೆ ಕಾಗದ ಅಂಟಿಸಿ ಹೋದರು. ನಮ್ಮ ಚರ್ಚಿನ ಸಭೆಯೊಂದರಲ್ಲೇ ಮೂವತ್ತೊಂದು ಜನ ಹೋಗಿದ್ದರು. ಅದರಲ್ಲಿ ಹದಿನಾರು ಮಕ್ಕಳು.

ಪ್ರತಿ ಸಮಾಧಿಯ ಪಕ್ಕದಲ್ಲೂ ನಮ್ಮ ಪಾಸ್ಟರದು ಒಂದೇ ಮಾತು. "ಇದು ದೇವರ ಚಿತ್ತ. ನಮಗೆ ಅರ್ಥ ಆಗೋದಿಲ್ಲ." ಮೊದಲ ಸಲ ನಾನೂ ತಲೆಯಾಡಿಸಿದೆ. ಐದನೆಯ ಸಲಕ್ಕೆ ಮೈಯೆಲ್ಲ ಉರಿಯತೊಡಗಿತು. ನಾಲ್ಕು ವರ್ಷದ ಕೂಸನ್ನು ಒಂದು ಹಗಲಿಡೀ ಹಿಂಡಿ ಹಿಂಡಿ ಕೊಲ್ಲುವುದು ಯಾರದಾದರೂ ಚಿತ್ತವಾಗಿದ್ದರೆ, ಅಂಥವನು ಬೀದಿಯಲ್ಲಿ ಕೈಗೆ ಸಿಕ್ಕಿದರೆ ನಾವು ಹಿಡಿದು ಪೊಲೀಸರಿಗೆ ಕೊಡುತ್ತೇವೆ. ಆಕಾಶದಲ್ಲಿ ಕೂತಿದ್ದಾನೆಂದ ಮಾತ್ರಕ್ಕೆ ಅವನ ಮುಂದೆ ಮೊಣಕಾಲೂರಬೇಕೇ? ಹೀಗೆಲ್ಲ ಹೊಲಿಗೆಯ ಉದ್ದಕ್ಕೂ ಬೈಯುತ್ತಿದ್ದೆ. ಒಳಕೋಣೆಯಲ್ಲಿ ನನ್ನ ಗಂಡ ಕೇಳಿಸಿಕೊಂಡು ಸುಮ್ಮನಿರುತ್ತಿದ್ದರು.

ನನ್ನ ತರಗತಿಯಲ್ಲಿ ಏಳು ವರ್ಷದ ಒಬ್ಬಳಿದ್ದಾಳೆ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳ ಮಗಳು. ನಾನು ಅವಳಿಗಿಟ್ಟ ಹೆಸರು ಪ್ರಶ್ನೆಪತ್ರಿಕೆ. ದೊಡ್ಡ ಪ್ರಳಯ ಬಂದು ಪ್ರಾಣಿಗಳನ್ನೆಲ್ಲ ಒಂದೇ ಹಡಗಿಗೆ ತುಂಬಿದ ಕಥೆಯನ್ನು ನಾನು ಕಣ್ಣಲ್ಲಿ ನೀರು ಬರುವ ಹಾಗೆ ಹೇಳಿ ಮುಗಿಸಿದರೆ, "ಸಗಣಿ ಎಲ್ಲ ಯಾರು ಬಾಚಿದ್ರು ಟೀಚರ್?" ಎಂದು ಕೇಳುವಂಥವಳು. ಒಂಬತ್ತನೆಯ ಫ್ರಾಕು ಅವಳ ತಂಗಿಯದು. ಅದನ್ನು ಹಾಕಿ ಮಣ್ಣು ಮಾಡಿದ ನಾಲ್ಕನೆಯ ದಿನ, ಭಾನುವಾರ, ಅವಳು ತರಗತಿಗೆ ಬಂದು ಮೊದಲ ಬೆಂಚಿನಲ್ಲಿ ಕೂತಳು.

"ಟೀಚರ್, ನನ್ನ ತಂಗಿಗೆ ಕಾಯಿಲೆ ದೇವರು ಕಳಿಸಿದ್ರಾ?"

"ಇಲ್ಲ," ಎಂದೆ. ಆ ಮಾತು ಎಲ್ಲಿಂದ ಬಂತೋ.

"ಹಾಗಾದ್ರೆ ಯಾರು ಕಳಿಸಿದ್ದು?"

"ಮುಂದಿನ ವಾರ ಹೇಳ್ತೀನಿ," ಎಂದು ಜಾರಿಕೊಂಡೆ. ಬುಧವಾರ ಅವಳನ್ನೂ ಆಸ್ಪತ್ರೆಗೆ ಹೊತ್ತುಕೊಂಡು ಹೋದರು.

ಶನಿವಾರ ಬೆಳಿಗ್ಗೆ ಬೇಗ ಎಚ್ಚರವಾಯಿತು. ಅಡುಗೆಮನೆಯಲ್ಲಿ ನನ್ನ ಗಂಡ ಒಲೆಯ ಮುಂದೆ ನಿಂತಿದ್ದರು. ದೊಡ್ಡ ಪಾತ್ರೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಅವರು ಕೈಗಡಿಯಾರ ಬಿಚ್ಚಿ ಕಟ್ಟೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು.

ಇವರ ವಿಷಯ ಹೇಳಬೇಕು. ಇವರು ನೀರುಗಂಟಿ. ಇಪ್ಪತ್ತಾರು ವರ್ಷದಿಂದ ಊರಿನ ನೀರಿನ ಕಚೇರಿಯಲ್ಲಿ ಕೆಲಸ. ಎದೆಯುದ್ದದ ಕಬ್ಬಿಣದ ಚಾವಿಯನ್ನು ಹೆಗಲಿಗೇರಿಸಿಕೊಂಡು ಹೋಗಿ, ಬೀದಿಯ ಗುಂಡಿಗೆ ಅದನ್ನು ಇಳಿಸಿ ವಾಲ್ವ್ ತಿರುಗಿಸುತ್ತಾರೆ. ಸೋಮವಾರ ಮತ್ತು ಗುರುವಾರ ಊರಿಗೆ ನೀರು ಬರುತ್ತದೆ. ಮಾತು ಬಹಳ ಕಡಿಮೆ. ಇಬ್ಬರ ಪಾಲಿನದನ್ನೂ ನಾನೇ ಆಡಿ ಮುಗಿಸುತ್ತೇನೆಂದು ಬೀದಿಯವರು ತಮಾಷೆ ಮಾಡುತ್ತಾರೆ. ಒಲೆ ಎಂಬುದೊಂದು ಮನೆಯಲ್ಲಿದೆ ಎಂದೇ ತಿಳಿಯದಂತೆ ಇದ್ದ ಮನುಷ್ಯ, ನಾಲ್ಕು ವಾರದಿಂದ ನನಗಿಂತ ಮುಂಚೆ ಎದ್ದು ನೀರು ಕಾಯಿಸಿಡುತ್ತಿದ್ದರು. ವಯಸ್ಸಾದ ಮೇಲಾದರೂ ಹೆಂಡತಿಯ ಮೇಲೆ ಕರುಣೆ ಬಂತಲ್ಲ ಎಂದು ನಾನು ಪಕ್ಕದ ಮನೆಯಲ್ಲಿ ಜಂಬ ಕೊಚ್ಚಿಕೊಂಡು ಬಂದಿದ್ದೆ.

"ಗಡಿಯಾರ ಯಾಕ್ರೀ? ನೀರು ಕಾಯೋದಕ್ಕೂ ಮುಹೂರ್ತ ನೋಡ್ತೀರಾ?"

ಅವರು ತಿರುಗಲಿಲ್ಲ. "ಹದಿನೈದು ನಿಮಿಷ ಕುದೀಬೇಕು," ಎಂದರು.

"ಯಾರು ಹೇಳಿದ್ದು?"

ಅವರು ಗಡಿಯಾರವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಾಲ್ಕು ವಾರ. ನಾನು ಮೊದಲ ಫ್ರಾಕು ಹೊಲಿದದ್ದೂ ಆ ವಾರವೇ.

"ಬಿಸಿಲಿನಿಂದ ಬಂದಿದ್ದು ಅಂದ್ರಲ್ಲ ಎಲ್ಲರೂ. ನೀರು ಚೆನ್ನಾಗಿದೆ ಅಂದ್ರಲ್ಲ. ನೀವ್ಯಾಕೆ ಕುದಿಸ್ತಾ ಇದ್ದೀರಿ?"

ಅವರು ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕೂತರು. "ಮೊದಲ ಗಂಟೆಯ ನೀರು," ಎಂದರು. "ಬಿಡ್ತಾ ಇಲ್ಲ ಈಗ. ಚರಂಡಿಗೆ ಬಿಡ್ತಾ ಇಲ್ಲ."

ನೀರುಗಂಟಿಯ ಹೆಂಡತಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ, ನಿಮಗೆ ಹೇಳುತ್ತೇನೆ. ನೀರು ನಿಲ್ಲಿಸಿದಾಗ ನೆಲದಡಿಯ ಪೈಪು ಬರಿದಾಗುತ್ತದೆ. ಬರಿದಾದ ಪೈಪಿಗೆ ಎಲ್ಲಾದರೂ ಬಿರುಕಿದ್ದರೆ ಸುತ್ತಲಿನ ಕೊಳಕನ್ನೆಲ್ಲ ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಅದಕ್ಕೇ ಪ್ರತಿ ಸಲವೂ ಮೊದಲ ಒಂದು ಗಂಟೆಯ ನೀರನ್ನು ಮನೆಗಳಿಗೆ ಬಿಡದೆ ಚರಂಡಿಗೆ ಬಿಡುತ್ತಾರೆ. ಬಣ್ಣ ನೋಡಿ, ಮೂಸಿ, ಕಡೆಗೆ ನೀರುಗಂಟಿ ತಾನೇ ಒಂದು ಬೊಗಸೆ ಕುಡಿದ ಮೇಲೆ ಬೀದಿಯ ವಾಲ್ವ್ ತಿರುಗುತ್ತದೆ. ಇವರು ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಇದನ್ನು ತಪ್ಪಿಸಿದವರಲ್ಲ.

ತಪ್ಪಿಸಿದ್ದು ಐದು ವಾರದ ಹಿಂದಿನ ಆ ಸೋಮವಾರ. ಯಾಕೆಂದು ಅವರು ಹೇಳುವ ಮೊದಲೇ ನನಗೆ ನೆನಪಾಯಿತು.

ಪಂಪಿನ ಮೋಟಾರು ಸುಟ್ಟು ಆರು ದಿನ ನೀರು ಬಂದಿರಲಿಲ್ಲ. ಆ ದಿನ ಚರ್ಚಿನ ಮೂಲೆಯ ಗುಂಡಿಯ ಹತ್ತಿರ ಇಡೀ ಕೆಳಬೀದಿ ಕೊಡ ಹಿಡಿದು ನಿಂತಿತ್ತು. ನಾನೂ ಇದ್ದೆ. ಇವರು ನೀರನ್ನು ಚರಂಡಿಗೆ ಬಿಟ್ಟುಕೊಂಡು, ಚಾವಿಗೆ ಒರಗಿ, ಆರಾಮಾಗಿ ನಿಂತಿದ್ದರು. ನೀರು ಕಣ್ಣಿಗೆ ತಿಳಿಯಾಗಿಯೇ ಇತ್ತು. ಮಕ್ಕಳು ಅಳುತ್ತಿದ್ದವು. ನನ್ನ ಪಿತ್ತ ನೆತ್ತಿಗೇರಿತು.

"ರೀ, ಇಲ್ಲಿ ಮಕ್ಕಳು ಬಾಯಿ ಬಾಯಿ ಬಿಡ್ತಾ ಇವೆ, ನೀವು ಚರಂಡಿಗೆ ಸ್ನಾನ ಮಾಡಿಸ್ತಾ ನಿಂತಿದ್ದೀರಾ? ನಾಳೆ ದೇವರು ಕೇಳಿದ್ರೆ ಏನು ಉತ್ತರ ಕೊಡ್ತೀರಿ?"

ಹೆಂಗಸರೆಲ್ಲ ನಕ್ಕರು. "ಇನ್ನು ಅರ್ಧ ಗಂಟೆ," ಎಂದು ಇವರು ಮೆಲ್ಲಗೆ ಹೇಳಿದರು. "ಅರ್ಧ ನಿಮಿಷ," ಎಂದೆ ನಾನು. ಬಾಯಾರಿದವರಿಗೆ ನೀರು ಕೊಡುವ ಪಾಠವನ್ನು ಮಕ್ಕಳಿಗೆ ಕಲಿಸುವವಳ ಗಂಡ ಹೀಗೆ ನಿಂತರೆ ಮರ್ಯಾದೆ ಏನು ಉಳಿಯಿತು ಎಂದು ಅಷ್ಟು ಜನರ ಮುಂದೆ ಕೇಳಿದೆ. ಇವರು ನನ್ನ ಮುಖ ಒಮ್ಮೆ ನೋಡಿ ಚಾವಿ ತಿರುಗಿಸಿದರು. ಮೊದಲ ಕೊಡವನ್ನು ನಾನೇ ತುಂಬಿಸಿ ಇಸ್ತ್ರಿಯವಳ ಸೊಂಟಕ್ಕೆ ಏರಿಸಿದೆ, ಪಾಪ, ಮನೆಯಲ್ಲಿ ಎರಡು ಚಿಕ್ಕ ಹೆಣ್ಣುಮಕ್ಕಳು ಎಂದು.

ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಸಭೆಯಲ್ಲಿ ಭಾನುವಾರ ಪಾಸ್ಟರ ಪ್ರಸಂಗಕ್ಕೆ, ಅಂದರೆ ಉಪದೇಶಕ್ಕೆ, ಮುಂಚೆ ಸಾಕ್ಷಿಯ ಸಮಯ ಎಂದು ಇರುತ್ತದೆ. ಆ ವಾರ ದೇವರು ಮಾಡಿದ ಉಪಕಾರವನ್ನು ಯಾರು ಬೇಕಾದರೂ ಎದ್ದು ನಿಂತು ಹೇಳಬಹುದು. ನಾನು ಎದ್ದು ಈ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿದೆ. ದೇವರು ನನ್ನ ನಾಲಿಗೆಯನ್ನು ಬಳಸಿಕೊಂಡು ಬೀದಿಗೆಲ್ಲ ನೀರು ಕೊಟ್ಟನೆಂದು ಹೇಳಿದೆ. ಎಲ್ಲರೂ ಆಮೆನ್ ಎಂದರು. ಮುಂದಿನ ಸಾಲಿನಲ್ಲಿದ್ದ ಇಂಜಿನಿಯರು, ಅವರು ನಮ್ಮ ಸಭೆಯ ಹಿರಿಯರೂ ಹೌದು, ನೀರಿನ ಕಚೇರಿಯ ಮುಖ್ಯಸ್ಥರೂ ಹೌದು, ತಿರುಗಿ ನನ್ನತ್ತ ನೋಡಿ ಮೆಚ್ಚಿ ನಕ್ಕರು. ಮರುದಿನವೇ ಕಚೇರಿಯಲ್ಲಿ ಆದೇಶ ಹೊರಟಿತು, ಇನ್ನು ಮೇಲೆ ಒಂದು ಹನಿ ನೀರೂ ಚರಂಡಿಗೆ ಹೋಗಕೂಡದು.

"ಮೂರನೇ ಸಲಕ್ಕೆ ನೀರಿನಲ್ಲಿ ವಾಸನೆ ಬಂತು," ಎಂದರು ನನ್ನ ಗಂಡ. "ಚರ್ಚಿನ ಹಿಂದೆ ಚರಂಡಿ ಕೆಳಗೆ ಪೈಪು ಒಡೆದಿರಬೇಕು, ಅಗೆದು ನೋಡೋಣ ಅಂತ ಇಂಜಿನಿಯರ್‌ಗೆ ಹೇಳ್ದೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿಸ್ತೀನಿ, ನೀನು ಬಾಯಿ ಮುಚ್ಕೊಂಡಿರು, ಗೊತ್ತಾದ್ರೆ ಜನ ನಮ್ಮಿಬ್ಬರನ್ನೂ ಸಿಗಿದು ಹಾಕ್ತಾರೆ ಅಂದ್ರು."

"ನೀವು ಮುಚ್ಕೊಂಡ್ರಿ. ಮನೆಯಲ್ಲಿ ಮಾತ್ರ ಕುದಿಸಿದ್ರಿ."

"ಹೌದು."

"ನನಗಾದ್ರೂ ಹೇಳಬಾರದಿತ್ತಾ?"

ಅವರು ತಲೆಯೆತ್ತಿದರು. "ಹೇಗೆ ಹೇಳ್ಲಿ? ಒಂದೊಂದು ಫ್ರಾಕು ಹೊಲೀತಾ ನೀನು ದೇವರನ್ನ ಬೈತಿದ್ದೆ. ಬೈಕೊಳ್ಳಲಿ, ಅವನಾದ್ರೆ ತಡ್ಕೋತಾನೆ, ನಿನ್ನ ಕೈಲಿ ಆಗಲ್ಲ ಅಂದ್ಕೊಂಡೆ."

ಕೈಯಲ್ಲಿದ್ದ ಮುಚ್ಚಳವನ್ನು ಅವರತ್ತ ಎಸೆದೆ. ಅದು ಗೋಡೆಗೆ ಬಡಿದು ನೆಲದಲ್ಲಿ ಗಿರಗಿರ ತಿರುಗಿ ನಿಂತಿತು. ಕುದಿಸಿದ ನೀರು ನಮ್ಮ ಹೊಟ್ಟೆಗೆ, ಹಸಿ ನೀರು ಬೀದಿಯ ಮಕ್ಕಳಿಗೆ. ಕುದಿಸಿದ್ದನ್ನು ಕುಡಿದು ಗಟ್ಟಿಯಾಗಿ ಕೂತು ನಾನು ಅವರ ಫ್ರಾಕಿಗೆ ಲೇಸು ಹಚ್ಚಿದ್ದೆ. ಸೋಮವಾರ ಬೆಳಿಗ್ಗೆ ಐದಕ್ಕೆ ಮತ್ತೆ ಅದೇ ಚಾವಿ ತಿರುಗಲಿತ್ತು.

ಸೀದಾ ಪಾಸ್ಟರ ಮನೆಗೆ ಹೋದೆ. ಅವರು ಹೊರಗಿನ ಕುರ್ಚಿಯಲ್ಲಿ ಕೂತಿದ್ದರು. ಶೂಗಳಿಗೆ ಸ್ಮಶಾನದ ಕೆಂಪು ಮಣ್ಣು ಹಾಗೇ ಮೆತ್ತಿಕೊಂಡಿತ್ತು, ತೊಳೆಯುವ ಹೊತ್ತಿಗೆ ಇನ್ನೊಂದು ಕರೆ ಬರುತ್ತಿತ್ತೆಂದು ಕಾಣುತ್ತದೆ. ಎಲ್ಲವನ್ನೂ ಹೇಳಿದೆ, ನನ್ನ ಪಾಲನ್ನೂ ಬಿಡದೆ. ಅವರು ಬಹಳ ಹೊತ್ತು ಹಣೆ ಒತ್ತಿಕೊಂಡರು.

"ಟೀಚರಮ್ಮ, ಜನ ಈಗಾಗಲೇ ಅರ್ಧ ಸತ್ತಿದ್ದಾರೆ. ಇದನ್ನೂ ಹೇಳಿದ್ರೆ ಒಬ್ಬರನ್ನೊಬ್ಬರು ಕೊಂದ್ಕೋತಾರೆ."

"ಹೇಳದಿದ್ರೆ ಸೋಮವಾರ ನೀರು ಬಿಡ್ತಾರೆ ಪಾಸ್ಟರ್."

ಅವರು ಒಳಗೆ ಹೋಗಿ ಇಂಜಿನಿಯರಿಗೆ ಫೋನು ಮಾಡಿದರು. ಹೂಂ, ಹೂಂ ಎನ್ನುವುದು ನನಗೆ ಹೊರಗೆ ಕೇಳುತ್ತಿತ್ತು. "ಬರವಣಿಗೆಯಲ್ಲಿ ದೂರು ಕೊಟ್ರೆ ಮುಂದಿನ ತಿಂಗಳು ನೋಡ್ತಾರಂತೆ," ಎಂದು ಬಂದರು. ಮುಂದಿನ ತಿಂಗಳು ಎಂದರೆ ಇನ್ನು ಎಷ್ಟು ಫ್ರಾಕು ಎಂದು ನಾನು ಕೇಳಿದೆ. ಆಗ ಆ ಮನುಷ್ಯನಿಗೂ ಸಿಟ್ಟು ಬಂತು.

"ಆ ತಾಯಂದಿರಿಗೆ ನಾನು ಏನು ಹೇಳ್ಬೇಕು? ನೀವೇ ಹೇಳಿ. ಸಮಾಧಿ ಗುಂಡಿ ಪಕ್ಕ ನಿಂತು ನನ್ನ ಮುಖಾನೇ ನೋಡ್ತಾರೆ. ದೇವರ ಚಿತ್ತ ಅನ್ನದೆ ಇನ್ನೇನು ಅನ್ಲಿ?"

"ಗೊತ್ತಿಲ್ಲ ಅನ್ನಿ. ಗೊತ್ತಿಲ್ಲದ್ದಕ್ಕೆಲ್ಲ ಅವನ ಸಹಿ ಹಾಕಬೇಡಿ. ನೀವು ಅದನ್ನ ಅಂದಿದ್ದಕ್ಕೇ ಯಾರೂ ಪೈಪು ಅಗೀಲಿಲ್ಲ."

ಅವರು ನನ್ನನ್ನು ತಡೆಯಲೂ ಇಲ್ಲ, ಕಳಿಸಲೂ ಇಲ್ಲ. ನಾನು ಎದ್ದು ಬಂದೆ.

ದಾರಿಯುದ್ದಕ್ಕೂ ನನಗೊಂದು ನೆಮ್ಮದಿ ಸಿಗಬೇಕಿತ್ತು. ಕೊಂದದ್ದು ದೇವರಲ್ಲ, ಪೈಪು, ಪೈಪಲ್ಲ, ಇಂಜಿನಿಯರು, ಇಂಜಿನಿಯರೊಬ್ಬರೇ ಅಲ್ಲ, ನನ್ನ ಗಂಡ, ಅವರಿಗೂ ಮೊದಲು ನಾನು. ಸರಿ, ಒಪ್ಪಿದೆ. ಆದರೆ ದೇವರ ಮೇಲಿನ ಕೋಪ ಇಳಿಯಲಿಲ್ಲ, ಏರಿತು. ನೋಡುತ್ತಿದ್ದೆಯಲ್ಲ ನೀನು. ನಾನು ನಿನ್ನ ಹೆಸರು ಹೇಳಿಕೊಂಡೇ ಆ ನೀರು ಬಿಡಿಸುವಾಗ ಮೇಲೆ ಕೂತು ಏನು ಮಾಡುತ್ತಿದ್ದೆ? ಸಮುದ್ರವನ್ನೇ ಸೀಳಿದವನೆಂದು ಮಕ್ಕಳಿಗೆ ಹೇಳಿಕೊಡುತ್ತೇನೆ, ಒಂದು ಪೈಪಿನ ಬಿರುಕು ಮುಚ್ಚಲು ನಿನಗೆ ಪುರುಸೊತ್ತಾಗಲಿಲ್ಲವೇ? ಅದೂ ಬೇಡ, ನನ್ನ ಗಂಟಲಿಗೆ ಅರ್ಧ ಗಂಟೆ ಕೆಮ್ಮು ಕೊಟ್ಟಿದ್ದರೆ ಸಾಕಾಗಿತ್ತು. ಬೀದಿಯಲ್ಲಿ ನಾನು ಗಟ್ಟಿಯಾಗಿಯೇ ಮಾತಾಡಿಕೊಂಡಿರಬೇಕು, ಎದುರಿಗೆ ಬಂದವರು ದಾರಿ ಬಿಟ್ಟರು.

ಮನೆಯಿಂದ ಕುದಿಸಿದ ನೀರನ್ನು ಎರಡು ಕ್ಯಾನಿನಲ್ಲಿ ತುಂಬಿಕೊಂಡು ಆಸ್ಪತ್ರೆಗೆ ಹೋದೆ. ಅಲ್ಲಿನ ನಲ್ಲಿಗೂ ಅದೇ ಪೈಪು. ಕಂಡ ನರ್ಸಿಗೆಲ್ಲ ಕುದಿಸದೆ ಒಂದು ಚಮಚವೂ ಕೊಡಬೇಡಿ ಎಂದೆ. ಒಬ್ಬಳು ತಲೆಯಾಡಿಸಿದಳು, ಒಬ್ಬಳು ನನ್ನ ತಲೆ ಕೆಟ್ಟಿದೆಯೆಂಬಂತೆ ನೋಡಿದಳು. ಪ್ರಶ್ನೆಪತ್ರಿಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಕೈಗೆ ಗ್ಲೂಕೋಸಿನ ನಳಿಕೆ. ಇಸ್ತ್ರಿಯವಳು ಎರಡೂ ಕೈ ಹಿಡಿದುಕೊಂಡಳು.

"ಈ ಬಿಸಿಲಲ್ಲಿ ನೀರು ಹೊತ್ಕೊಂಡು ಬಂದ್ರಲ್ಲ ಅಕ್ಕಾ. ನಿಮ್ಮ ಋಣ ಹೇಗೆ ತೀರಿಸ್ಲಿ? ಚಿಕ್ಕದಕ್ಕೂ ಅಷ್ಟು ಚೆನ್ನಾಗಿ ಹೊಲಿದು ಕೊಟ್ರಿ."

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನಲ್ಲಿ ನೀರು ಮುಟ್ಟಬೇಡ, ಇದನ್ನೇ ಕುಡಿಸು ಎಂದು ಹೇಳಿ ಹೇಡಿಯಂತೆ ಎದ್ದು ಬಂದೆ.

ಭಾನುವಾರ ಚರ್ಚು ಅರ್ಧ ಖಾಲಿ. ಖಾಲಿ ಬೆಂಚುಗಳು ಯಾರವೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಅಲ್ಲಿಗೆ ಸರಿದು ಕೂರಲಿಲ್ಲ. ಸಾಕ್ಷಿಯ ಸಮಯ ಬಂತು. ಮೊದಲು ಎದ್ದದ್ದು ಇಂಜಿನಿಯರ ಹೆಂಡತಿ. ಒಳ್ಳೆಯ ಹೆಂಗಸು, ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಕರ್ಚೀಫಿನಿಂದ ಕಣ್ಣೊರೆಸಿಕೊಂಡು ಹೇಳಿದರು, "ಇಷ್ಟೆಲ್ಲ ನಡೀತಿದ್ರೂ ಕರ್ತನು ನಮ್ಮ ಮನೆಯನ್ನ ರೆಕ್ಕೆ ಕೆಳಗೆ ಇಟ್ಟು ಕಾಪಾಡಿದ. ನಮ್ಮಲ್ಲಿ ಒಬ್ಬರಿಗೂ ಒಂದು ತಲೆನೋವು ಸಹ ಬರಲಿಲ್ಲ. ಆತನಿಗೆ ಸ್ತೋತ್ರ."

ಅಲ್ಲಿ ಇಲ್ಲಿ ಆಮೆನ್ ಎಂದರು. ಮಗನನ್ನು ಕಳೆದುಕೊಂಡ ಬಡಗಿಯೂ ತಲೆ ತಗ್ಗಿಸಿ ಆಮೆನ್ ಎಂದ. ಅದನ್ನು ಕೇಳಿದ್ದೇ ನನಗೆ ಕೂರಲಾಗಲಿಲ್ಲ.

"ನಿಮ್ಮ ಮನೆ ಗುಡ್ಡದ ಮೇಲಿದೆ," ಎಂದೆ ಎದ್ದು ನಿಂತು. "ನಿಮಗೆ ಟ್ಯಾಂಕಿನಿಂದ ನೇರ ನೀರು ಬರುತ್ತೆ. ಚರಂಡಿ ದಾಟಿ ಬರೋದು ನಮಗೆ. ಅದಕ್ಕೆ ದೇವರ ರೆಕ್ಕೆಯನ್ನ ಯಾಕೆ ಎಳೀತೀರಿ? ಹಾಗಾದ್ರೆ ಕೆಳಬೀದಿ ಮಕ್ಕಳಿಗೆ ಆ ರೆಕ್ಕೆ ಸಾಲಲಿಲ್ವಾ?"

ಇಂಜಿನಿಯರು ತಿರುಗಿದರು. "ತಾಯಿ, ದುಃಖದಲ್ಲಿದ್ದೀರಿ, ಕೂತ್ಕೊಳ್ಳಿ. ಇದು ಸಾಕ್ಷಿ ಹೇಳೋ ಸಮಯ."

"ಸಾಕ್ಷಿನೇ ಹೇಳ್ತಾ ಇದ್ದೀನಿ. ನಾಲ್ಕು ವಾರದ ಹಿಂದೆ ಇದೇ ಜಾಗದಲ್ಲಿ ನಿಂತು ದೇವರು ನನ್ನ ನಾಲಿಗೆಯಿಂದ ನಿಮಗೆ ನೀರು ಕೊಟ್ಟ ಅಂದೆ. ನೀವೆಲ್ಲ ಆಮೆನ್ ಅಂದ್ರಿ. ಅದನ್ನ ವಾಪಸ್ ತಗೋತೀನಿ. ಅದು ದೇವರ ಕೆಲಸ ಅಲ್ಲ, ನನ್ನ ಕೆಲಸ."

ಹೇಳಿದೆ. ಮೊದಲ ಗಂಟೆಯ ನೀರು, ಗುಂಡಿಯ ಹತ್ತಿರ ನಾನಾಡಿದ ಮಾತು, ಆದೇಶ, ವಾಸನೆ, ಬ್ಲೀಚಿಂಗ್ ಪೌಡರ್, ನಮ್ಮ ಮನೆಯ ಒಲೆಯ ಮೇಲಿನ ಪಾತ್ರೆ. ಪಾತ್ರೆಯ ವಿಷಯ ಬಂದಾಗ ಹಿಂದಿನಿಂದ ಯಾರೋ ಥೂ ಎಂದರು. ಅದು ನನಗೆ ಸಲ್ಲಬೇಕಾದದ್ದೇ.

"ಇದೆಲ್ಲ ಹೆಣ್ಣುಮಕ್ಕಳ ಹರಟೆ," ಎಂದು ಇಂಜಿನಿಯರು ಎದ್ದರು. "ಪರೀಕ್ಷೆಯಲ್ಲಿ ನೀರು ಸರಿಯಾಗಿದೆ ಅಂತ ಬಂದಿದೆ."

ಆಗ ಕಡೆಯ ಸಾಲಿನಿಂದ ನನ್ನ ಗಂಡ ನಡೆದು ಬಂದರು. ಚಾವಿ ಹೊರಗೆ ಗೋಡೆಗೆ ಒರಗಿಸಿಟ್ಟಿದ್ದರಂತೆ, ನಾನು ಮಾತಾಡುವಾಗ ಹೋಗಿ ತಂದಿದ್ದರು. ಈಗ ಅದು ಹೆಗಲ ಮೇಲಿತ್ತು. ಪ್ರಸಂಗಪೀಠದ ಮುಂದಿನ ಮೇಜಿನ ಮೇಲೆ ಅದನ್ನು ಅಡ್ಡಲಾಗಿ ಇಟ್ಟರು. ಹೂದಾನಿ ಪಕ್ಕಕ್ಕೆ ಸರಿಯಿತು.

"ಟ್ಯಾಂಕಿನ ನೀರು ಸರಿಯಾಗಿದೆ," ಎಂದರು. "ಬೀದಿ ನೀರು ಯಾರೂ ನೋಡಿಲ್ಲ. ಪೈಪು ಅಗೆಯೋ ತನಕ ನಾಳೆ ನಾನು ನೀರು ಬಿಡಲ್ಲ."

"ನಿನ್ನ ಕೆಲಸ ಹೋಗುತ್ತೆ ಕಣಯ್ಯಾ."

"ಐದು ವಾರದ ಹಿಂದೆ ಹೋಗಬೇಕಿತ್ತು."

ಇಪ್ಪತ್ತಾರು ವರ್ಷದಲ್ಲಿ ಅವರು ಜನರ ಮುಂದೆ ಅಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ. ಎಲ್ಲರೂ ಪಾಸ್ಟರತ್ತ ನೋಡಿದರು. ಅವರು ಪ್ರಸಂಗ ಬರೆದುಕೊಂಡು ಬಂದಿದ್ದ ಹಾಳೆಯನ್ನು ಮಡಚಿ ಜೇಬಿಗಿಟ್ಟರು.

"ಮೂವತ್ತೊಂದು ಸಲ ನಾನು ತಿಳೀದೆ ಇರೋದನ್ನ ತಿಳಿದವನ ಹಾಗೆ ಹೇಳಿದ್ದೀನಿ," ಎಂದರು. "ಇವತ್ತು ಪ್ರಸಂಗ ಇಲ್ಲ. ಗುದ್ದಲಿ ಹಿಂದಿನ ಶೆಡ್ಡಿನಲ್ಲಿವೆ."

ಆ ಗುದ್ದಲಿಗಳು ಸಮಾಧಿ ತೋಡುವಂಥವು. ಐದು ವಾರದಿಂದ ಅವುಗಳಿಗೆ ಬಿಡುವೇ ಇರಲಿಲ್ಲ, ಹಿಡಿ ಎಲ್ಲ ನುಣುಪಾಗಿದ್ದವು. ಬಡಗಿ ಮೊದಲನೆಯದನ್ನು ತೆಗೆದುಕೊಂಡ, ಪಾಸ್ಟರು ಎರಡನೆಯದನ್ನು. ಇಂಜಿನಿಯರು ಯಾರಿಗೋ ಫೋನು ಮಾಡುತ್ತಾ ಕಾರಿನ ಕಡೆ ಹೋದರು. ಅವರ ಹೆಂಡತಿ ಮಾತ್ರ ಕಾರು ಹತ್ತದೆ, ಕರ್ಚೀಫು ಬಾಯಿಗೊತ್ತಿಕೊಂಡು ಕಾಂಪೌಂಡಿನ ಹತ್ತಿರವೇ ನಿಂತರು.

ಎರಡು ಗಂಟೆ ಅಗೆದರು. ಚರಂಡಿಯ ಕಲ್ಲು ಎಬ್ಬಿಸಿ, ಒಂದಾಳುದ್ದಕ್ಕಿಂತ ಸ್ವಲ್ಪ ಕಡಿಮೆ ಆಳದಲ್ಲಿ ಪೈಪು ಸಿಕ್ಕಿತು. ಎರಡು ತುಂಡು ಕೂಡುವ ಕಡೆ ಅಂಗೈ ಅಗಲ ಬಾಯಿ ಬಿಟ್ಟಿತ್ತು. ಚರಂಡಿಯ ಕಪ್ಪು ನೀರು ಗುಳುಗುಳು ಎಂದು ಅದರೊಳಕ್ಕೆ ಇಳಿಯುತ್ತಿತ್ತು. ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಸಮಾಧಿಯ ಹತ್ತಿರ ಅತ್ತಷ್ಟೂ ಅತ್ತಿದ್ದ ಜನ, ಇಲ್ಲಿ ಒಬ್ಬರೂ ಅಳಲಿಲ್ಲ.

ಇಸ್ತ್ರಿಯವಳು ಬಂದದ್ದು ಆಗ. ಆಸ್ಪತ್ರೆಗೆ ಯಾರೋ ಸುದ್ದಿ ಮುಟ್ಟಿಸಿದ್ದರು. ಅವಳು ಗುಂಡಿಯ ಅಂಚಿಗೆ ಹೋಗಿ ನೋಡಿದಳು, ಆಮೇಲೆ ನನ್ನ ಎದುರಿಗೆ ಬಂದು ನಿಂತಳು.

"ಅವತ್ತು ಮೊದಲನೇ ಕೊಡ ನನಗೆ ತುಂಬಿಸಿ ಕೊಟ್ಟಿದ್ದು ನೀವೇ ಅಲ್ವಾ?"

"ಹೌದು."

"ನಿನ್ನೆ ಕೈ ಹಿಡ್ಕೊಂಡಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಹೊಡೆಯುತ್ತಾಳೆಂದುಕೊಂಡೆ. ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ದನಿಯನ್ನೂ ಏರಿಸಲಿಲ್ಲ.

"ನೀವು ಹೇಳದೆ ಇದ್ದಿದ್ರೆ ದೇವರನ್ನ ಬೈಕೊಂಡು ಬದುಕ್ತಿದ್ದೆ. ಅವನು ಕಣ್ಣಿಗೆ ಕಾಣಲ್ಲ. ನೀವು ದಿನಾ ಕಾಣ್ತೀರಿ."

ಅಷ್ಟು ಹೇಳಿ ಮಗಳ ಹತ್ತಿರ ವಾಪಸ್ಸು ಹೋದಳು. ಅಂದಿನಿಂದ ಅವಳು ನನ್ನನ್ನು ಅಕ್ಕ ಎಂದಿಲ್ಲ.

ಪೈಪು ಸರಿಯಾಯಿತು. ಎರಡು ವಾರದಲ್ಲಿ ಆಸ್ಪತ್ರೆಯ ವರಾಂಡ ಖಾಲಿಯಾಯಿತು. ಅಷ್ಟರೊಳಗೆ ಇನ್ನೂ ಎರಡು ಫ್ರಾಕು ಹೊಲಿದೆ, ಆಮೇಲೆ ಯಾರೂ ಬಿಳಿ ಬಟ್ಟೆ ತರಲಿಲ್ಲ. ನನ್ನ ಗಂಡನನ್ನು ಕೆಲಸದಿಂದ ತೆಗೆದರು. ಇಂಜಿನಿಯರಿಗೆ ಬೇರೆ ಊರಿಗೆ ವರ್ಗವಾಯಿತು, ಅಲ್ಲಿಯೂ ನೀರಿನ ಕಚೇರಿಯೇ, ಕುರ್ಚಿ ಇನ್ನೂ ದೊಡ್ಡದಂತೆ. ಪಾಸ್ಟರು ಈಗ ಸಮಾಧಿಯ ಪಕ್ಕದಲ್ಲಿ ಚಿತ್ತದ ಮಾತೆತ್ತುವುದಿಲ್ಲ. ಸುಮ್ಮನೆ ನಿಂತು, ಮಣ್ಣು ಹಾಕಿ, ಮನೆಯವರ ಜೊತೆ ನಡೆದು ಬರುತ್ತಾರೆ.

ಪೈಪು ಅಗೆದ ಮೇಲಿನ ನಾಲ್ಕನೆಯ ಭಾನುವಾರ ನನ್ನ ತರಗತಿಯಲ್ಲಿ ಏಳು ಮಕ್ಕಳಿದ್ದರು. ಪ್ರಶ್ನೆಪತ್ರಿಕೆ ತಾನೇ ನಡೆದುಕೊಂಡು ಬಂದಿದ್ದಳು. ಅವಳ ಅಮ್ಮ ಗೇಟಿನವರೆಗೆ ಬಿಟ್ಟು, ಒಳಗೆ ನೋಡದೆ ಹೋದಳು. ಕಾಲು ಕಡ್ಡಿಯಾಗಿತ್ತು, ನಾನು ಹೊಲಿದ ಹಳೆಯ ಫ್ರಾಕು ಭುಜದಿಂದ ಜಾರುತ್ತಿತ್ತು.

"ಟೀಚರ್, ಮುಂದಿನ ವಾರ ಹೇಳ್ತೀನಿ ಅಂದಿದ್ರಿ."

ಯಾವುದನ್ನು ಎಂದು ನಾನು ಕೇಳಲಿಲ್ಲ. "ನಾನು ಕಳಿಸಿದ್ದು," ಎಂದೆ. "ನಾನು, ಮತ್ತೆ ಇನ್ನೂ ಒಂದಿಬ್ಬರು ದೊಡ್ಡವರು. ಬೇಕು ಅಂತ ಕಳಿಸಲಿಲ್ಲ. ಆದ್ರೆ ಕಳಿಸಿದ್ದು ನಾವೇ."

ಅವಳು ಜಾರಿದ ಫ್ರಾಕನ್ನು ಭುಜಕ್ಕೆ ಎಳೆದುಕೊಂಡಳು. "ಆಗ ದೇವರು ಏನು ಮಾಡ್ತಿದ್ರು?"

"ಗೊತ್ತಿಲ್ಲ. ದಿನಾ ಕೇಳ್ತಾ ಇದ್ದೀನಿ."

"ಏನಂದ್ರು?"

"ಇನ್ನೂ ಏನೂ ಅಂದಿಲ್ಲ."

"ಜೋರಾಗಿ ಕೇಳಿದ್ರಾ?"

"ಬಹಳ ಜೋರಾಗಿ ಕೇಳ್ತಾ ಇದ್ದೀನಿ ಕಣಮ್ಮ."

ಪಾಠ ಮುಗಿದ ಮೇಲೆ ಮಕ್ಕಳಿಗೆ ನೀರು ಕೊಡುವುದು ನನ್ನ ಹಳೆಯ ಅಭ್ಯಾಸ. ಜಗ್ಗಿನಿಂದ ಏಳು ಲೋಟಕ್ಕೂ ಸುರಿದೆ. ಆರು ಮಕ್ಕಳು ಗಟಗಟನೆ ಕುಡಿದು ಹೊರಗೆ ಓಡಿದವು. ಅವಳು ಮಾತ್ರ ಲೋಟವನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು.

"ಕುದಿಸಿದ್ದೀರಾ?"

"ಕುದಿಸಿದ್ದೀನಿ."

"ಹಾಗಾದ್ರೆ ನೀವು ಮೊದಲು ಕುಡೀರಿ," ಎಂದು ಲೋಟವನ್ನು ನನ್ನ ಕೈಗೆ ಕೊಟ್ಟಳು.

ನಾನು ಅವಳ ಕಣ್ಣೆದುರಿಗೇ ಅದನ್ನು ಪೂರ್ತಿ ಖಾಲಿ ಮಾಡಿದೆ. ಅವಳು ನನ್ನ ಮುಖವನ್ನೇ ನೋಡುತ್ತಾ ಕಾದಳು, ಬಹಳ ಹೊತ್ತು ಕಾದಳು. ಆಮೇಲೆ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು ಜಗ್ಗಿನ ಮುಂದೆ ಹಿಡಿದಳು.